ಕೊಟ್ಟಿಗೆಯ ಲೆಕ್ಕ ಮಕ್ಕಳ ಕೈಗೆ



ನಿಮ್ಮ ಮನೆಯಲ್ಲಿ 8, 9 ಅಥವಾ 10ನೇ ತರಗತಿ ಓದುವ ಮಗನೋ ಮಗಳೋ ಇದ್ದರೆ ಇಂದು ಸಂಜೆ ಹಾಲು ಹಾಕಿ ಬಂದ ಮೇಲೆ ಒಂದು ಪ್ರಶ್ನೆ ಕೇಳಿ ನೋಡಿ: "ನಮ್ಮ ಮನೆಯಲ್ಲಿ ಒಂದು ಲೀಟರ್ ಹಾಲಿಗೆ ಎಷ್ಟು ಖರ್ಚು ಬೀಳುತ್ತದೆ?" ಮಗುವಿಗೆ ಉತ್ತರ ಗೊತ್ತಿರಲಿಕ್ಕಿಲ್ಲ. ಅದೇ ಪ್ರಶ್ನೆಯನ್ನು ನೀವೂ ಒಮ್ಮೆ ಕೇಳಿಕೊಳ್ಳಿ. ಸಂಘದಲ್ಲಿ ಲೀಟರಿಗೆ ಎಷ್ಟು ಸಿಗುತ್ತದೆ ಎಂಬುದು ನಮಗೆಲ್ಲ ಬಾಯಿಪಾಠ. ಖರ್ಚು ಎಷ್ಟು ಎಂದು ಖಚಿತವಾಗಿ ಹೇಳುವವರು ಊರಿಗೆ ನಾಲ್ಕು ಜನ ಸಿಕ್ಕರೆ ಹೆಚ್ಚು.

ಮಕ್ಕಳಿಗೆ ನಾವು ಸಾಮಾನ್ಯವಾಗಿ ಹೇಳುವ ಮಾತು ಒಂದೇ: "ಚೆನ್ನಾಗಿ ಓದು, ಈ ಸಗಣಿ ಸಹವಾಸ ನಿನಗೆ ಬೇಡ." ಅಕ್ಕರೆಯಿಂದಲೇ ಹೇಳುತ್ತೇವೆ. ಆದರೆ ಇದರಿಂದ ಆಗುತ್ತಿರುವುದು ಏನು? ಓದಿನಲ್ಲಿ ಮುಂದಿರುವ ಮಗು ಹೈನುಗಾರಿಕೆಯ ಲಾಭ ನಷ್ಟ ತಿಳಿಯದೆಯೇ ಊರು ಬಿಡುತ್ತದೆ. ಪರೀಕ್ಷೆಯಲ್ಲಿ ನಪಾಸಾದ ಮಗು, ಬೇರೆ ದಾರಿ ಇಲ್ಲವೆಂದು, ಅದನ್ನು ತಿಳಿಯದೆಯೇ ಕೊಟ್ಟಿಗೆಗೆ ಬರುತ್ತದೆ. ಇಬ್ಬರೂ ಕಣ್ಣು ಕಟ್ಟಿಕೊಂಡೇ ನಿರ್ಧಾರ ಮಾಡಿದಂತಾಯಿತು. ನಿಮ್ಮ ಮಗು ಹೈನುಗಾರಿಕೆಯಲ್ಲಿ ಉಳಿಯಲಿ, ಬಿಡಲಿ, ಅದು ಲೆಕ್ಕ ನೋಡಿ ಮಾಡಿದ ತೀರ್ಮಾನವಾಗಲಿ ಎಂಬುದೇ ಈ ಲೇಖನದ ಆಶಯ.

ಬೇರೆ ಕಡೆ ಹೇಗೆ ಕಲಿಸುತ್ತಾರೆ?

ಪ್ರೌಢಶಾಲೆಯ ಮಕ್ಕಳಿಗೆ ಉದ್ಯಮಶೀಲತೆ ಕಲಿಸಬೇಕೆಂಬ ಮಾತು ಈಗ ಎಲ್ಲೆಡೆ ಕೇಳಿಬರುತ್ತಿದೆ. ದೆಹಲಿಯ ಸರ್ಕಾರಿ ಶಾಲೆಗಳಲ್ಲಿ 2019ರಲ್ಲಿ 9ರಿಂದ 12ನೇ ತರಗತಿಯವರಿಗೆ ಇದಕ್ಕೆಂದೇ ಪಠ್ಯಕ್ರಮ ತಂದರು. 2021ರಲ್ಲಿ ದೊಡ್ಡ ತರಗತಿಯ ಮಕ್ಕಳು ಗುಂಪು ಕಟ್ಟಿಕೊಂಡು ಸಣ್ಣ ವ್ಯಾಪಾರ ಮಾಡಲು ತಲಾ 2,000 ರೂಪಾಯಿವರೆಗೆ ಬಂಡವಾಳವನ್ನೂ ಕೊಟ್ಟರು. ಪುಸ್ತಕ ಓದಿದರೆ ವ್ಯಾಪಾರ ಬರುವುದಿಲ್ಲ, ಕೈಯಲ್ಲಿ ಸ್ವಲ್ಪ ಹಣ ಇರಬೇಕು, ಅದು ಹೋಗುವ ಭಯವೂ ಇರಬೇಕು ಎಂಬುದು ಅದರ ಹಿಂದಿನ ವಿಚಾರ.

ನಮಗೆ ಇನ್ನೂ ಹತ್ತಿರದ ಉದಾಹರಣೆ ಅಮೆರಿಕದ ಹಳ್ಳಿಗಳದು. 1902ರಲ್ಲಿ ಒಹಾಯೊ ರಾಜ್ಯದಲ್ಲಿ ಎ. ಬಿ. ಗ್ರಹಾಂ ಎಂಬ ಶಾಲಾ ಅಧಿಕಾರಿ ರೈತರ ಮಕ್ಕಳಿಗಾಗಿ ಒಂದು ಕ್ಲಬ್ ಶುರು ಮಾಡಿದರು. ಮಕ್ಕಳು ಮುಸುಕಿನ ಜೋಳ ಬೆಳೆಯಬೇಕು, ಮಣ್ಣು ಪರೀಕ್ಷೆ ಮಾಡಬೇಕು, ಬರೆದಿಡಬೇಕು. ಇಂಥ ಕ್ಲಬ್‌ಗಳೇ ಮುಂದೆ ಫೋರ್-ಎಚ್ ಎಂಬ ಹೆಸರಿನಲ್ಲಿ ದೇಶಕ್ಕೆಲ್ಲ ಹರಡಿದವು. 1914ರ ಕಾನೂನಿನಿಂದ ಕೃಷಿ ವಿಸ್ತರಣಾ ವ್ಯವಸ್ಥೆ ಬಂದ ಮೇಲೆ ಅದರ ಆಸರೆಯೂ ಸಿಕ್ಕಿತು. ಅಲ್ಲಿನ ಹೈನುಗಾರರ ಮಕ್ಕಳಿಗೆ ಕೊಡುವ ಕೆಲಸ ತುಂಬ ಸರಳ: ಒಂದು ಕರು ಸಾಕು, ಅದಕ್ಕೆ ಹಾಕಿದ ಪ್ರತಿ ಖರ್ಚನ್ನೂ ಪುಸ್ತಕದಲ್ಲಿ ಬರೆ, ಮೇಳದಲ್ಲಿ ಕರುವನ್ನು ತೋರಿಸು.

ಈ ಕ್ಲಬ್‌ಗಳಿಂದ ಇನ್ನೊಂದು ಸಂಗತಿಯೂ ತಿಳಿದುಬಂತು. ಕೃಷಿ ಕಾಲೇಜಿನವರು ಹೇಳಿದ ಹೊಸ ಪದ್ಧತಿಯನ್ನು ದೊಡ್ಡವರು ಬೇಗ ಒಪ್ಪುತ್ತಿರಲಿಲ್ಲ. ಮಕ್ಕಳು ಮಾಡಿ ತೋರಿಸಿದಾಗ ಅಪ್ಪ ಅಮ್ಮಂದಿರೂ ಒಪ್ಪಿದರು. ಕಲಿತದ್ದು ಮಗು, ಬದಲಾದದ್ದು ಮನೆ.

ನಮಗೆ ಹೊಸ ಕ್ಲಬ್ ಬೇಕಿಲ್ಲ, 2,000 ರೂಪಾಯಿ ಬಂಡವಾಳವೂ ಬೇಕಿಲ್ಲ. ದಿನಕ್ಕೆ ಎರಡು ಹೊತ್ತು ಮಾಲು ತಯಾರಾಗುವ, ಗುಣಮಟ್ಟ ಅಳೆದು ದರ ಕೊಡುವ, ಬಟವಾಡೆ ನೇರ ಬ್ಯಾಂಕ್ ಖಾತೆಗೆ ಬೀಳುವ ಉದ್ಯಮ ಮನೆಯ ಹಿತ್ತಿಲಲ್ಲೇ ಇದೆ. ಅದನ್ನು ಮಗುವಿಗೆ ಪಾಠವಾಗಿ ತೋರಿಸುವುದಷ್ಟೇ ಬಾಕಿ.

ಮೊದಲ ಪಾಠ: ಒಂದು ಹಸು, ಒಂದು ನೋಟ್‌ಬುಕ್

ಒಂದು ನೂರು ಪುಟದ ನೋಟ್‌ಬುಕ್ ತಂದು ಮಗುವಿನ ಕೈಗೆ ಕೊಡಿ. ಮನೆಯಲ್ಲಿ ನಾಲ್ಕು ಹಸು ಇದ್ದರೂ ಒಂದೇ ಹಸುವಿನ ಲೆಕ್ಕ ಬರೆಯಲಿ. ಎಡ ಪುಟದಲ್ಲಿ ಆದಾಯ, ಬಲ ಪುಟದಲ್ಲಿ ಖರ್ಚು. ದಿನಕ್ಕೆ ಐದು ನಿಮಿಷ ಸಾಕು.

ಒಂದು ದಿನದ ಲೆಕ್ಕ ಹೇಗಿರುತ್ತದೆ ಎಂದು ನೋಡೋಣ. ಕೆಳಗಿನ ಅಂಕಿಗಳೆಲ್ಲ ಉದಾಹರಣೆಗೆಂದು ಇಟ್ಟುಕೊಂಡವು. ನಿಮ್ಮ ಊರಿನ ದರ ಹಾಕಿಕೊಂಡು ಮಗುವೇ ಲೆಕ್ಕ ಮಾಡಲಿ.

ಹಸು ದಿನಕ್ಕೆ 10 ಲೀಟರ್ ಕೊಡುತ್ತದೆ, ಲೀಟರಿಗೆ 35 ರೂಪಾಯಿ ಎಂದುಕೊಳ್ಳಿ. ಆದಾಯ 350 ರೂಪಾಯಿ.

ಖರ್ಚು ಹೀಗಿದೆ:
- ಪಶು ಆಹಾರ: ಹಸುವಿನ ದೇಹ ಪೋಷಣೆಗೆ 2 ಕಿಲೋ, ಪ್ರತಿ ಲೀಟರ್ ಹಾಲಿಗೆ 400 ಗ್ರಾಂ. ಒಟ್ಟು 6 ಕಿಲೋ. ಕಿಲೋಗೆ 28ರಂತೆ 168 ರೂಪಾಯಿ.
- ಹಸಿರು ಮೇವು 25 ಕಿಲೋ: ಕಿಲೋಗೆ 2ರಂತೆ 50 ರೂಪಾಯಿ.
- ಒಣ ಮೇವು 5 ಕಿಲೋ: ಕಿಲೋಗೆ 8ರಂತೆ 40 ರೂಪಾಯಿ.
- ಖನಿಜ ಮಿಶ್ರಣ, ಔಷಧ, ಕೃತಕ ಗರ್ಭಧಾರಣೆ, ವಿಮೆ, ಕರೆಂಟು ಇವೆಲ್ಲ ಸೇರಿ ದಿನಕ್ಕೆ 12 ರೂಪಾಯಿ.

ಒಟ್ಟು 270 ರೂಪಾಯಿ. ಲೀಟರಿಗೆ 27 ಬಿತ್ತು, ದಿನಕ್ಕೆ 80 ರೂಪಾಯಿ ಉಳಿಯಿತು.

ಇಲ್ಲಿಗೆ ನಿಲ್ಲಿಸಬೇಡಿ. ಮಗುವನ್ನು ಇನ್ನೊಂದು ಸಾಲು ಬರೆಯಲು ಹೇಳಿ: ಅಮ್ಮನ ಕೂಲಿ. ಸಗಣಿ ಬಾಚುವುದು, ಮೇವು ಕೊಯ್ದು ಹಾಕುವುದು, ಹಾಲು ಕರೆಯುವುದು, ಡೇರಿಗೆ ಹೋಗಿ ಬರುವುದು ಎಲ್ಲ ಸೇರಿ ಈ ಒಂದು ಹಸುವಿಗೆ ದಿನಕ್ಕೆ ಎರಡು ಗಂಟೆ ಎಂದಿಟ್ಟುಕೊಳ್ಳಿ. ಗಂಟೆಗೆ 50 ಹಾಕಿದರೆ 100 ರೂಪಾಯಿ. ಈಗ ಖರ್ಚು 370, ಅಂದರೆ ಲೀಟರಿಗೆ 37. ಉಳಿದಿದ್ದ 80 ಹೋಗಿ 20 ರೂಪಾಯಿ ಕೈಬಿಟ್ಟಿತು!

ಈ ಸಾಲನ್ನು ನೋಡಿ ಗಾಬರಿಯಾಗಬೇಡಿ, ಮಗುವಿನಿಂದ ಮುಚ್ಚಿಡಲೂ ಬೇಡಿ. ಉದ್ಯಮದ ಪಾಠ ಶುರುವಾಗುವುದೇ ಇಲ್ಲಿಂದ. ಮನೆಯವರ ದುಡಿಮೆಗೆ ಬೆಲೆ ಕಟ್ಟದೆ ತೋರುವ ಲಾಭ ನಿಜವಾದ ಲಾಭವಲ್ಲ. ಅದು ನಮ್ಮದೇ ಕೂಲಿ. ಅಮ್ಮನ ಕೆಲಸಕ್ಕೆ ರೂಪಾಯಿಯಲ್ಲಿ ಬೆಲೆ ಬರೆದ ಮಗು ಆ ಕೆಲಸವನ್ನು ಮುಂದೆ ಹಗುರವಾಗಿ ಕಾಣುವುದಿಲ್ಲ.

ಇನ್ನು ಲೆಕ್ಕವನ್ನು ಮೇಲೆತ್ತುವ ದಾರಿಯನ್ನು ಮಗುವೇ ಹುಡುಕಲಿ. ಒಂದಕ್ಕೆ ಎರಡು ಹಸು ಆದರೆ ಎರಡು ಗಂಟೆ ಕೆಲಸ ನಾಲ್ಕು ಗಂಟೆಯಾಗುವುದಿಲ್ಲ, ಮೂರು ಗಂಟೆಯಾಗಬಹುದು. ಡೇರಿಗೆ ಹೋಗುವುದು ಹೇಗೂ ಒಂದೇ ಸಲ. ಆಗ ಕೂಲಿ 150 ರೂಪಾಯಿ, 20 ಲೀಟರಿಗೆ ಹಂಚಿದರೆ ಲೀಟರಿಗೆ ಏಳೂವರೆ. ಖರ್ಚು 37ರಿಂದ 34 ರೂಪಾಯಿ 50 ಪೈಸೆಗೆ ಇಳಿಯಿತು, 35ರ ದರಕ್ಕಿಂತ ಕೆಳಗೆ ಬಂತು. ಅಲಸಂದೆ, ಕುದುರೆ ಮಸಾಲೆಯಂಥ ದ್ವಿದಳ ಮೇವು ಬೆಳೆದು ಪಶು ಆಹಾರದ ಖರ್ಚು ಸ್ವಲ್ಪ ಇಳಿಸಬಹುದೇ? ಎಷ್ಟು ಇಳಿಸಬಹುದೆಂದು ಒಕ್ಕೂಟದ ವಿಸ್ತರಣಾಧಿಕಾರಿಯನ್ನು ಮಗುವೇ ಕೇಳಲಿ. ಗೊಬ್ಬರದ ಗುಂಡಿಯಲ್ಲಿ ವರ್ಷಕ್ಕೆ ಎಷ್ಟು ಟ್ರ್ಯಾಕ್ಟರ್ ಲೋಡ್ ಸಿಗುತ್ತದೆ, ಊರಿನಲ್ಲಿ ಲೋಡಿಗೆ ಏನು ದರ? ನಿಮ್ಮ ಹೊಲಕ್ಕೇ ಹಾಕಿಕೊಂಡರೂ ಅದನ್ನು ಆದಾಯದ ಪುಟದಲ್ಲಿ ಬರೆಯಬೇಕು. ಸರ್ಕಾರದ ಪ್ರೋತ್ಸಾಹಧನ ಮತ್ತು ಸಂಘದ ಬೋನಸ್ ಬಂದಾಗ ಅವನ್ನು ಬೇರೆ ಸಾಲಿನಲ್ಲಿ ಬರೆಯಿಸಿ. ಹಾಲಿನಿಂದ ಬಂದದ್ದೆಷ್ಟು, ಸಹಾಯವಾಗಿ ಬಂದದ್ದೆಷ್ಟು ಎಂಬುದು ಬೇರೆಬೇರೆಯಾಗಿ ಕಾಣಬೇಕು.

ಇನ್ನೂ ಒಂದು ಲೆಕ್ಕ ಮಗು ತಿಳಿಯಬೇಕು. ಹಸು 21 ದಿನಕ್ಕೊಮ್ಮೆ ಬೆದೆಗೆ ಬರುತ್ತದೆ. ಒಂದು ಬೆದೆ ಕಣ್ತಪ್ಪಿದರೆ ಮುಂದಿನ ಕರು 21 ದಿನ ತಡ. ಅಂದರೆ ಹಾಲಿಲ್ಲದೆ ಮೇವು ಹಾಕುವ ದಿನಗಳೂ ಅಷ್ಟು ಹೆಚ್ಚು. ಮೇಲಿನ ದರದಲ್ಲೇ ಬತ್ತಿದ ಹಸುವಿಗೆ ಪಶು ಆಹಾರ 2 ಕಿಲೋ, ಮೇವು, ಉಳಿದ ಖರ್ಚು ಸೇರಿ ದಿನಕ್ಕೆ 158 ರೂಪಾಯಿ. 21 ದಿನಕ್ಕೆ 3,300 ರೂಪಾಯಿ ದಾಟಿತು. ಬೆದೆಯ ದಿನಾಂಕವನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕುವ ಕೆಲಸಕ್ಕೆ ಇಷ್ಟು ಬೆಲೆ ಇದೆ ಎಂದು ಗೊತ್ತಾದ ಮಗು ಅದನ್ನು ಮರೆಯುವುದಿಲ್ಲ.

ಎರಡನೇ ಪಾಠ: ಡೇರಿಯ ಚೀಟಿ ಓದುವುದು

ಸಂಘದಲ್ಲಿ ಕೊಡುವ ಚೀಟಿಯಲ್ಲಿ, ಅಥವಾ ಮೊಬೈಲಿಗೆ ಬರುವ ಸಂದೇಶದಲ್ಲಿ, ಲೀಟರ್ ಜೊತೆಗೆ ಜಿಡ್ಡಿನಾಂಶ ಮತ್ತು ಎಸ್‌ಎನ್‌ಎಫ್ ಎಂಬ ಎರಡು ಅಂಕಿ ಇರುತ್ತವೆ. ಹೆಚ್ಚಿನವರು ನೋಡುವುದು ಕೊನೆಯ ರೂಪಾಯಿಯನ್ನು ಮಾತ್ರ. ಮಗು ಈ ಎರಡೂ ಅಂಕಿಗಳನ್ನು ಒಂದು ತಿಂಗಳು ಬರೆದಿಡಲಿ. ವಿಜ್ಞಾನ ಪಾಠದ ಗ್ರಾಫ್ ಹಾಳೆಯ ಮೇಲೆ ಗೆರೆ ಎಳೆಯಲಿ. ಬೆಳಗಿನ ಹಾಲಿಗೂ ಸಂಜೆಯ ಹಾಲಿಗೂ ವ್ಯತ್ಯಾಸವಿದೆಯೇ? ಒಣ ಮೇವು ಕಡಿಮೆಯಾದ ವಾರ ಜಿಡ್ಡು ಇಳಿಯಿತೇ? ಅವಸರದಲ್ಲಿ ಕೆಚ್ಚಲಿನ ಕೊನೆಯ ಹಾಲು ಬಿಟ್ಟ ದಿನ ಏನಾಯಿತು? ಕೊನೆಯಲ್ಲಿ ಹಿಂಡುವ ಹಾಲಿನಲ್ಲೇ ಜಿಡ್ಡು ಹೆಚ್ಚು ಎಂಬುದು ಆಗ ತಾನಾಗಿ ತಿಳಿಯುತ್ತದೆ.

ಒಂದು ಭಾನುವಾರ ಮಗುವನ್ನು ಸಂಘಕ್ಕೆ ಕರೆದುಕೊಂಡು ಹೋಗಿ. ಹಾಲು ಪರೀಕ್ಷಕರು ಮಾದರಿ ತೆಗೆಯುವುದನ್ನು, ಯಂತ್ರ ಅಂಕಿ ತೋರುವುದನ್ನು ನೋಡಲಿ. ನೀರು ಬೆರೆಸಿದರೆ ಯಾವ ಅಂಕಿ ಇಳಿಯುತ್ತದೆ ಎಂದು ಕೇಳಲಿ. ಗುಣಮಟ್ಟಕ್ಕೆ ದರ ಸಿಗುತ್ತದೆ, ಮೋಸ ಅಂಕಿಯಲ್ಲಿ ಕಾಣಿಸುತ್ತದೆ ಎಂಬ ಪಾಠವನ್ನು ಇದಕ್ಕಿಂತ ಚೆನ್ನಾಗಿ ಕಲಿಸುವ ಜಾಗ ಇನ್ನೊಂದಿಲ್ಲ.

ಮೂರನೇ ಪಾಠ: ಒಂದು ಹೆಣ್ಣು ಕರು

ಲೆಕ್ಕ ಬರೆಯುವುದು ಬಂದ ಮೇಲೆ ಮಗುವಿಗೆ ಒಂದು ಹೆಣ್ಣು ಕರು ವಹಿಸಿಕೊಡಿ. ಪ್ರೌಢಶಾಲೆಯ ಮೂರು ವರ್ಷಕ್ಕೂ ಕರುವಿನ ಬೆಳವಣಿಗೆಗೂ ಒಳ್ಳೆಯ ಹೊಂದಾಣಿಕೆ ಇದೆ. ಮಗು 8ನೇ ತರಗತಿಗೆ ಸೇರುವ ಜೂನ್‌ನಲ್ಲಿ ಹುಟ್ಟಿದ ಮಿಶ್ರತಳಿ ಕರುವನ್ನು ಚೆನ್ನಾಗಿ ಸಾಕಿದರೆ 15ರಿಂದ 18 ತಿಂಗಳಲ್ಲಿ ಗರ್ಭಧಾರಣೆಗೆ ಬರುತ್ತದೆ. ಆಗ ಮಗು 9ನೇ ತರಗತಿಯಲ್ಲಿರುತ್ತದೆ. ಗಬ್ಬದ ಒಂಬತ್ತು ತಿಂಗಳು ಚಿಲ್ಲರೆ ದಿನ ಕಳೆದು, ಮಗು 10ನೇ ತರಗತಿಯಲ್ಲಿರುವಾಗ ಕಡಸು ಈಯುತ್ತದೆ. ಸರಿಯಾಗಿ ಸಾಕದಿದ್ದರೆ ಎಸ್ಸೆಸ್ಸೆಲ್ಸಿ ಮುಗಿದರೂ ಬೆದೆಗೆ ಬರದೆ ನಿಲ್ಲಬಹುದು. ಎಂಟು ತಿಂಗಳು ತಡವಾಯಿತೆನ್ನಿ, ಕಡಸಿನ ಖರ್ಚು ದಿನಕ್ಕೆ 90 ರೂಪಾಯಿ ಎಂದರೂ 21,600 ರೂಪಾಯಿ ಹೋಯಿತು.

ಮಗು ತಿಳಿದಿರಬೇಕಾದ ಮುಖ್ಯ ವಿಷಯಗಳು ಇಷ್ಟು:

ಗಿಣ್ಣು ಹಾಲು ಹುಟ್ಟಿದ ಒಂದು ಗಂಟೆಯೊಳಗೆ ಹೊಟ್ಟೆ ಸೇರಬೇಕು. ಮೊದಲ ದಿನ ಕರುವಿನ ತೂಕದ ಹತ್ತನೇ ಒಂದು ಭಾಗ, ಅಂದರೆ 25 ಕಿಲೋ ಕರುವಿಗೆ ಎರಡೂವರೆ ಲೀಟರ್, ಎರಡು ಮೂರು ಸಲವಾಗಿ ಕುಡಿಸಬೇಕು. ಜಂತುನಾಶಕ, ಲಸಿಕೆಯ ದಿನಾಂಕಗಳನ್ನು ಪಶುವೈದ್ಯರನ್ನು ಕೇಳಿ ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಬರೆಯಬೇಕು. ಹೆಣ್ಣು ಕರುವಿಗೆ 4ರಿಂದ 8 ತಿಂಗಳೊಳಗೆ ಕಂದು ರೋಗದ, ಅಂದರೆ ಬ್ರುಸೆಲ್ಲಾ ಲಸಿಕೆ ಜೀವನಕ್ಕೆ ಒಂದೇ ಸಲ. ಆ ಸಮಯ ತಪ್ಪಿದರೆ ತಪ್ಪಿತು.

ತೂಕ ನೋಡಲು ತಕ್ಕಡಿ ಬೇಕಿಲ್ಲ, ಟೈಲರ್ ಟೇಪು ಸಾಕು. ಮುಂಗಾಲಿನ ಹಿಂದೆ ಎದೆಯ ಸುತ್ತಳತೆಯನ್ನು ಇಂಚಿನಲ್ಲಿ ಅಳೆಯಿರಿ. ಭುಜದ ತುದಿಯಿಂದ ಹಿಂಬದಿಯ ಮೂಳೆಯ ತುದಿವರೆಗೆ ಉದ್ದ ಅಳೆಯಿರಿ. ಸುತ್ತಳತೆಯನ್ನು ಸುತ್ತಳತೆಯಿಂದಲೇ ಗುಣಿಸಿ, ಮತ್ತೆ ಉದ್ದದಿಂದ ಗುಣಿಸಿ, 660ರಿಂದ ಭಾಗಿಸಿದರೆ ಅಂದಾಜು ತೂಕ ಕಿಲೋದಲ್ಲಿ ಬರುತ್ತದೆ. ಸುತ್ತಳತೆ 60 ಇಂಚು, ಉದ್ದ 46 ಇಂಚು ಇದ್ದರೆ ಸುಮಾರು 250 ಕಿಲೋ. ಮಿಶ್ರತಳಿ ಕಡಸು ಗರ್ಭಧಾರಣೆಗೆ ತಯಾರಾಗುವುದು ಹೆಚ್ಚೂಕಡಿಮೆ ಈ ತೂಕಕ್ಕೆ. ತಿಂಗಳಿಗೊಮ್ಮೆ ಅಳೆದು ಬರೆದರೆ ಯಾವ ತಿಂಗಳು ಕರು ಸೊರಗಿತು ಎಂಬುದು ಪುಟದ ಮೇಲೆಯೇ ಕಾಣುತ್ತದೆ.

ಕೊಟ್ಟ ಮಾತು ತಪ್ಪಬೇಡಿ

ಕರು ಕೊಡುವಾಗ ಮಗುವಿನ ಜೊತೆ ಒಂದು ಕರಾರು ಮಾಡಿಕೊಳ್ಳಿ. ಕರುವಿನ ಬೆಲೆ ಇಷ್ಟು, ಮೇವಿನ ಖರ್ಚು ಅಪ್ಪ ಕೊಡುವ ಸಾಲ, ಕಡಸು ಮಾರಿದಾಗ ಅಥವಾ ಹಾಲಿಗೆ ಬಂದಾಗ ಸಾಲ ತೀರಿಸಿ ಉಳಿದದ್ದರಲ್ಲಿ ಮಗುವಿನ ಪಾಲು ಇಷ್ಟು ಎಂದು ಬರೆದು ಇಬ್ಬರೂ ಸಹಿ ಹಾಕಿ. ಹತ್ತು ವರ್ಷ ತುಂಬಿದ ಮಕ್ಕಳು ಸ್ವತಃ ಉಳಿತಾಯ ಖಾತೆ ನಡೆಸಲು ರಿಸರ್ವ್ ಬ್ಯಾಂಕಿನ ನಿಯಮದಲ್ಲಿ ಅವಕಾಶವಿದೆ. ಯಾವ ಮಿತಿಯಲ್ಲಿ ಎಂಬುದನ್ನು ನಿಮ್ಮ ಬ್ಯಾಂಕಿನಲ್ಲಿ ವಿಚಾರಿಸಿ. ಪಾಲಿನ ಹಣ ಆ ಖಾತೆಗೇ ಹೋಗಲಿ.

ಇಲ್ಲಿ ಒಂದು ಎಚ್ಚರಿಕೆ. ಕರುವಾಗಿದ್ದಾಗ ಮಗಳದು, ಹಾಲಿಗೆ ಬಂದ ಮೇಲೆ ಅಪ್ಪನದು ಎಂದಾಗಬಾರದು. ಮನೆಯಲ್ಲಿ ಕಷ್ಟ ಬರುತ್ತದೆ. ಬೋರ್‌ವೆಲ್ ಕೆಡುತ್ತದೆ, ಮದುವೆ ಬರುತ್ತದೆ, ಆಸ್ಪತ್ರೆ ಖರ್ಚು ಬರುತ್ತದೆ. ಆಗ ಮೊದಲು ಕಣ್ಣಿಗೆ ಬೀಳುವುದು ಆ ಕಡಸೇ. ಮಾರಲೇಬೇಕಾದರೆ ಮಗುವನ್ನು ಕೂರಿಸಿಕೊಂಡು ಹೇಳಿ, ಒಪ್ಪಿಗೆ ಪಡೆಯಿರಿ, ಅದರ ಪಾಲನ್ನು ಬರೆದಿಟ್ಟು ಮುಂದೆ ಕೊಡಿ. ಶಾಲೆಯಿಂದ ಬಂದ ಮಗು ಖಾಲಿ ಗೂಟ ನೋಡುವಂತಾದರೆ ನೀವು ಮೂರು ವರ್ಷ ಕಲಿಸಿದ ಪಾಠ ಅಳಿಸಿಹೋಗುತ್ತದೆ. ದುಡಿದರೂ ತನ್ನದಾಗುವುದಿಲ್ಲ ಎಂಬ ಪಾಠವಷ್ಟೇ ಉಳಿಯುತ್ತದೆ.

ಕರು ಸತ್ತೂ ಹೋಗಬಹುದು. ಅದೂ ಈ ಉದ್ಯಮದ ಸತ್ಯ. ಆಗ ಬೈಯಬೇಡಿ. ಎಲ್ಲಿ ತಪ್ಪಿತು, ವಿಮೆ ಇತ್ತೇ, ವೈದ್ಯರನ್ನು ಯಾವಾಗ ಕರೆದೆವು ಎಂದು ನೋಟ್‌ಬುಕ್ ಮುಂದಿಟ್ಟುಕೊಂಡು ಇಬ್ಬರೂ ನೋಡಿ.

ನಾಲ್ಕನೇ ಪಾಠ: ಸೇರಿ ಮಾಡುವ ಉದ್ಯಮ

ಉದ್ಯಮಿ ಎಂದರೆ ಒಬ್ಬನೇ ಗೆದ್ದು ಕಾರಿನಲ್ಲಿ ಓಡಾಡುವವನು ಎಂಬ ಚಿತ್ರ ಮಕ್ಕಳ ತಲೆಯಲ್ಲಿದೆ. ನಮ್ಮ ಮಕ್ಕಳಿಗೆ ಇನ್ನೊಂದು ಕಥೆಯನ್ನೂ ಹೇಳಬೇಕು. 1946ರಲ್ಲಿ ಗುಜರಾತಿನ ಖೇಡಾ ಜಿಲ್ಲೆಯ ರೈತರು ದಲ್ಲಾಳಿಗಳ ದರಕ್ಕೆ ಬೇಸತ್ತು, ತ್ರಿಭುವನದಾಸ್ ಪಟೇಲರ ಮುಂದಾಳತ್ವದಲ್ಲಿ ತಮ್ಮದೇ ಒಕ್ಕೂಟ ಕಟ್ಟಿದರು. ಶುರುವಿನಲ್ಲಿ ಇದ್ದದ್ದು ಎರಡು ಹಳ್ಳಿಯ ಸಂಘ, ದಿನಕ್ಕೆ ಸುಮಾರು 250 ಲೀಟರ್ ಹಾಲು. 1949ರಲ್ಲಿ ಆನಂದ್‌ಗೆ ಬಂದ ಎಂಜಿನಿಯರ್ ವರ್ಗೀಸ್ ಕುರಿಯನ್ ಅವರ ಜೊತೆ ನಿಂತರು. ಅದೇ ಮುಂದೆ ಅಮುಲ್ ಆಯಿತು. ನಮ್ಮ ರಾಜ್ಯದಲ್ಲಿ 1955ರಲ್ಲಿ ಕೊಡಗಿನ ಕೂಡಿಗೆಯಲ್ಲಿ ಮೊದಲ ಡೇರಿ ಬಂತು. 1974ರಿಂದ ವಿಶ್ವಬ್ಯಾಂಕ್ ನೆರವಿನಿಂದ ಹಳ್ಳಿಹಳ್ಳಿಯಲ್ಲಿ ಸಂಘಗಳು ಎದ್ದವು. ಇಂದಿನ ನಂದಿನಿಯ ಬೇರು ಅಲ್ಲಿದೆ.

ನಿಮ್ಮ ಸಂಘದ ವಾರ್ಷಿಕ ಮಹಾಸಭೆಯ ವರದಿ ಮನೆಗೆ ಬಂದಾಗ ಅದನ್ನು ಮಗುವಿನ ಕೈಗೆ ಕೊಡಿ. ಜಮಾ ಖರ್ಚು, ನಿವ್ವಳ ಲಾಭ, ಬೋನಸ್ ಹಂಚಿಕೆ ಎಲ್ಲ ಅದರಲ್ಲಿ ಇದೆ. "ಬೋನಸ್ ಹೇಗೆ ಲೆಕ್ಕ ಹಾಕಿದರು?" ಎಂದು ಮಗು ಕೇಳಿದರೆ ಉತ್ತರ ಕೊಡಲು ನೀವೂ ಓದಬೇಕಾಗುತ್ತದೆ. 18 ತುಂಬಿದ ಮೇಲೆ ಸದಸ್ಯರಾಗುವ ಮಕ್ಕಳು ಸಭೆಯಲ್ಲಿ ಎದ್ದುನಿಂತು ಪ್ರಶ್ನೆ ಕೇಳುವಂತಾದರೆ ಸಂಘಗಳೂ ಗಟ್ಟಿಯಾಗುತ್ತವೆ.

ಕಲಿಕೆಯೇ ಹೊರತು ದುಡಿಮೆಯಲ್ಲ

ಲೆಕ್ಕ ಕಲಿಸಿ ಎಂದರೆ ಕೆಲಸ ಹೊರಿಸಿ ಎಂದಲ್ಲ. 2016ರ ತಿದ್ದುಪಡಿಯಾದ ಕಾನೂನಿನ ಪ್ರಕಾರ 14 ವರ್ಷದೊಳಗಿನ ಮಕ್ಕಳು ಮನೆಯ ಉದ್ಯೋಗದಲ್ಲಿ ಕೈಜೋಡಿಸಬಹುದಾದದ್ದು ಶಾಲೆಯ ಸಮಯದ ನಂತರ ಅಥವಾ ರಜೆಯಲ್ಲಿ ಮಾತ್ರ, ಅದೂ ಅಪಾಯವಿಲ್ಲದ ಕೆಲಸದಲ್ಲಿ. ಮೇವು ಕತ್ತರಿಸುವ ಯಂತ್ರದ ಹತ್ತಿರ ಯಾವ ಮಗುವನ್ನೂ ಬಿಡಬೇಡಿ. ಪರೀಕ್ಷೆಯ ತಿಂಗಳಲ್ಲಿ ನೋಟ್‌ಬುಕ್ ನೀವೇ ಬರೆಯಿರಿ.

ಹೆಣ್ಣುಮಕ್ಕಳ ವಿಷಯದಲ್ಲಿ ಇನ್ನೂ ಒಂದು ಮಾತು. ಅನೇಕ ಮನೆಗಳಲ್ಲಿ ಸಗಣಿ ಬಾಚುವುದು ಮಗಳು, ಡೇರಿಗೆ ಹೋಗಿ ಚೀಟಿ ತರುವುದು ಮಗ. ಲೆಕ್ಕ, ಬ್ಯಾಂಕು, ಸಂಘ ಎಲ್ಲವೂ ಮಗನ ಪಾಲಿಗೆ ಹೋಗುತ್ತದೆ. ನೋಟ್‌ಬುಕ್ ಇಬ್ಬರಿಗೂ ಕೊಡಿ. ರಾಜ್ಯದ ಎಷ್ಟೋ ಊರುಗಳಲ್ಲಿ ಮಹಿಳೆಯರೇ ಸಂಘ ನಡೆಸುತ್ತಿದ್ದಾರೆ ಎಂಬುದನ್ನು ಮರೆಯಬಾರದು.

ಈ ಕಲಿಕೆ ಎಲ್ಲಿಗೆ ಒಯ್ಯುತ್ತದೆ?

ಹೀಗೆ ಕಲಿತ ಮಗು ಹೈನುಗಾರನೇ ಆಗಬೇಕೆಂದಿಲ್ಲ. ಬೀದರಿನ ಪಶುವೈದ್ಯಕೀಯ ವಿಶ್ವವಿದ್ಯಾಲಯದ ಅಡಿಯಲ್ಲಿ ಹೆಬ್ಬಾಳ, ಹಾಸನ, ಶಿವಮೊಗ್ಗ ಮೊದಲಾದ ಕಡೆ ಪಶುವೈದ್ಯ ಕಾಲೇಜುಗಳಿವೆ, ಹೆಬ್ಬಾಳದಲ್ಲಿ ಹೈನು ವಿಜ್ಞಾನ ಕಾಲೇಜೂ ಇದೆ. ಕೃಷಿಕರ ಮಕ್ಕಳಿಗೆ ಮೀಸಲಾದ ಸೀಟುಗಳಿಗೆ ಪ್ರಾಯೋಗಿಕ ಪರೀಕ್ಷೆ ಇರುತ್ತದೆ. ಕೊಟ್ಟಿಗೆ ಬಲ್ಲ ಮಗುವಿಗೆ ಅದು ಹೊಸದಲ್ಲ. ಬ್ಯಾಂಕಿಗೆ ಹೋದರೂ ಅಂಗಡಿ ತೆರೆದರೂ ಖರ್ಚು ಮೊದಲು ಲಾಭ ಆಮೇಲೆ ಎಂಬ ಅಭ್ಯಾಸ ಕೈಹಿಡಿಯುತ್ತದೆ.

ಕೊಟ್ಟಿಗೆಗೇ ಬರುತ್ತೇನೆ ಎಂದರೆ ಅದು ಸೋತು ಬಂದದ್ದಾಗಿರುವುದಿಲ್ಲ. ಎರಡು ಹಸು ಸಾಲದು, ಐದು ಬೇಕು, ಮೇವಿಗೆ ಅರ್ಧ ಎಕರೆ ಬಿಡಬೇಕು ಎಂದು ನಿಮ್ಮ ಮುಂದೆ ಲೆಕ್ಕ ಇಡುತ್ತದೆ. ಆಗ "ನಿನಗೇನು ಗೊತ್ತು, ಸುಮ್ಮನಿರು" ಎನ್ನಬೇಡಿ. ಪುಸ್ತಕ ತೆಗೆದು ನೋಡಿ.

ಮುಂದಿನ ಬಟವಾಡೆಯ ದಿನವೇ ಶುರು ಮಾಡಿ. ಒಂದು ನೋಟ್‌ಬುಕ್, ಒಂದು ಪೆನ್ನು, ಒಂದು ಹಸುವಿನ ಹೆಸರು. ಮೊದಲ ಪುಟದಲ್ಲಿ ಮಗುವಿನ ಕೈಯಲ್ಲೇ ಬರೆಯಿಸಿ: ನಮ್ಮ ಮನೆಯಲ್ಲಿ ಒಂದು ಲೀಟರ್ ಹಾಲಿಗೆ ಖರ್ಚು ಎಷ್ಟು? ಒಂದು ವರ್ಷದ ನಂತರ ಉತ್ತರ ಅದೇ ಪುಟದಲ್ಲಿ ಇರಲಿ.